ಬಡಿದು ನೋಡದ ಕಲ್ಲು

ನಮ್ಮದು ಶಹಾಬಾದಿನ ಫರಸಿ ಕಲ್ಲಿನ ಖಣಿಯಲ್ಲಿ ದುಡಿದ ಮನೆ. ಅಪ್ಪ ತೀರಿದ ಮೇಲೆ ಅಣ್ಣನೇ ಮನೆಗೆ ಯಜಮಾನ, ಖಣಿಗೆ ಮೇಸ್ತ್ರಿ. ಲಿಂಗಪೂಜೆ ಆಗದೆ ಅವನು ನೀರೂ ಕುಡಿಯುತ್ತಿರಲಿಲ್ಲ. ದಾರ ಹಿಡಿದು ಗೆರೆ ಹೊಡೆಯದೆ ಉಳಿ ಎತ್ತುತ್ತಿರಲಿಲ್ಲ. ನಾನು ಎರಡು ವರ್ಷ ಓದಿ ಸಾಲಿ ಬಿಟ್ಟವನು. ಕಲ್ಲು ಹೇಗೆ ಪದರು ಬಿಡುತ್ತದೋ ಹಾಗೆ ನಾವು ಹೋಗಬೇಕು ಎನ್ನುತ್ತಿದ್ದೆ.

“ಕಲ್ಲು ತಾನೇ ಎದ್ದು ಬರ್ತದಂತ ಕುಂತೀಯೇನು? ಮುದುಕಾಗ್ತಿ ನೋಡು” ಎಂದು ಅಣ್ಣ ಕಾಡುತ್ತಿದ್ದ.

“ನೀ ಗೆರಿ ಹೊಡಕೊಂತ ಕುಂದ್ರು ಯಣ್ಣಾ, ನಾ ಉಂಡು ಬರ್ತೀನಿ.”

ಒಂದು ಬೇಸಿಗೆ, ವಾಡಿಯಲ್ಲಿ ರೈಲು ಇಳಿದ ಚೀನಾದವನೊಬ್ಬ ರೇಷ್ಮೆ ಬಟ್ಟೆಯ ಗಂಟು ಹೊತ್ತು ಬಂದು ನಮ್ಮ ಚಪ್ಪರದಲ್ಲಿ ಕುಳಿತ. ಅಣ್ಣ ನಮ್ಮ ಜಗಳ ಹೇಳಿದಾಗ ಅವನು ನಕ್ಕುಬಿಟ್ಟ. ತನ್ನ ದೇಶದಲ್ಲೂ ಇಂಥ ಎರಡು ದಾರಿಗಳಿವೆ ಎಂದು ಹರಕು ಹಿಂದೂಸ್ತಾನಿಯಲ್ಲಿ ಹೇಳಿದ. ಒಂದರಲ್ಲಿ ತಂದೆ ಮಗ, ಅಣ್ಣ ತಮ್ಮ, ಎಲ್ಲರೂ ತಂತಮ್ಮ ರೀತಿ ತಪ್ಪದೆ ನಡೆಯಬೇಕು. ಇನ್ನೊಂದರಲ್ಲಿ ಯಾವುದಕ್ಕೂ ಬಲವಂತ ಮಾಡದೆ ನೀರಿನಂತೆ ಇರಬೇಕು. ಅವು ಕನ್ಫ್ಯೂಷಿಯಸ್ ಮತ, ತಾವೋ ಮತ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ತನ್ನ ಅಪ್ಪನಲ್ಲಿ ಎರಡೂ ಇದ್ದವು, ಒಂದನ್ನು ಬಿಟ್ಟರೆ ಇನ್ನೊಂದು ಕೆಡುತ್ತದೆ ಎಂದೂ ಅವನು ಹೇಳಿದ್ದ. ನಾನು ನನಗೆ ಬೇಕಾದಷ್ಟೇ ಕೇಳಿಸಿಕೊಂಡೆ.

ಹಾಸು, ಅಂದರೆ ನೆಲದಲ್ಲಿನ ಕಲ್ಲಿನ ಚಪ್ಪಡಿ, ಎಬ್ಬಿಸುವ ಮುಂಚೆ ಸುತ್ತಿಗೆಯಿಂದ ಉದ್ದಕ್ಕೂ ಬಡಿದು ಕೇಳುವುದು ನನ್ನ ಕೆಲಸ. ಟೊಳ್ಳು ಸದ್ದು ಬಂದರೆ ಕೆಳಗಿನ ಪದರಿನಿಂದ ಬಿಟ್ಟಿದೆ, ಎತ್ತಬಹುದು ಎಂದರ್ಥ; ಬಿಡದೆ ಮೀಟಿದರೆ ಒಡೆಯುತ್ತದೆ. ಚಿತ್ತಾಪುರದ ಕಚೇರಿಯ ಮೆಟ್ಟಿಲಿಗೆಂದು ದೊಡ್ಡ ಹಾಸು ಎಬ್ಬಿಸುವ ದಿನ ಬಿಸಿಲು ಜೋರಿತ್ತು. ನಾನು ನೆರಳಿನಿಂದ ಏಳಲಿಲ್ಲ.

“ಬಿಟ್ಟದೇನೋ?” ಎಂದು ಅಣ್ಣ ಕೇಳಿದ.

“ಬಿಟ್ಟದ, ಎತ್ತು” ಎಂದೆ ಕುಂತಲ್ಲಿಂದಲೇ.

ಅಣ್ಣ ಹಾರೆ ಹಾಕಿ ಮೀಟಿದ. ಹಾಸು ನಡುವೆ ಅಡ್ಡ ಸೀಳಿತು.

“ಯಾರು ಬಡದು ನೋಡಿದವ್ರು?” ಎಂದು ಖಣಿಯ ಗುತ್ತೇದಾರ ಕೂಗಿದ. ನಮ್ಮ ಖಣಿಯಲ್ಲಿ ತಪ್ಪು ಮಾಡಿದವನೇ ಮುಂದೆ ಬಂದು ಹೇಳಬೇಕು, ಇನ್ನೊಬ್ಬರು ಬೆರಳು ತೋರಿಸುವಂತಿಲ್ಲ. ಅಣ್ಣ ನನ್ನನ್ನೇ ನೋಡುತ್ತ ನಿಂತ. ಸುಮ್ಮನಿದ್ದರೆ ಎಲ್ಲ ತಾನೇ ತಣ್ಣಗಾಗುತ್ತದೆ ಎಂದುಕೊಂಡೆ. ಹೇಡಿತನಕ್ಕೆ ನೀರಿನ ಹೆಸರಿಟ್ಟೆ.

“ಮೇಸ್ತ್ರಿ ನಾ ಅದೀನ್ರಿ, ತಪ್ಪು ನಂದೇ” ಎಂದ ಅಣ್ಣ. ಅವತ್ತೇ ಅವನ ಮೇಸ್ತ್ರಿಕೆ ಹೋಯಿತು. ಅದೇ ಖಣಿಯಲ್ಲಿ ಕೂಲಿಯಾಗಿ ಕಲ್ಲು ಹೊತ್ತ. ಮನೆಯಲ್ಲಿ ಮೊದಲಿನ ಹಾಗೇ ಇದ್ದ. ಊಟಕ್ಕೆ ಕರೆಯುತ್ತಿದ್ದ, ಹಬ್ಬಕ್ಕೆ ಅಂಗಿ ತರುತ್ತಿದ್ದ. ಆದರೆ ನಾನು ಹೇಳಿದ್ದನ್ನು ಮತ್ತೆಂದೂ ನಂಬಲಿಲ್ಲ. ಬಾಗಿಲು ಹಾಕಿದ್ದೀನಿ ಎಂದರೂ ಎದ್ದು ಹೋಗಿ ನೋಡಿ ಬರುತ್ತಿದ್ದ.

ನನ್ನ ಮದುವೆಯಲ್ಲಿ ಅಪ್ಪನ ಜಾಗದಲ್ಲಿ ಅವನೇ ನಿಂತ. ಕಾಲಿಗೆ ಬಿದ್ದಾಗ ತಡೆಯಲಾಗಲಿಲ್ಲ.

“ಯಣ್ಣಾ, ಅವತ್ತು ನಾ ಬಡದು ನೋಡಿದ್ದಿಲ್ಲ.”

“ಗೊತ್ತಿತ್ತು. ನೀನೇ ಹೇಳ್ತಿ ಅಂತ ನಿಂತಿದ್ದೆ. ಏಳು, ಮಂದಿ ನೋಡಲಿಕತ್ತಾರ.”

ರೀತಿಯಂತೆ ಅಕ್ಷತೆ ಹಾಕಿದ. ಹರಸುವ ಕೈ ಮಾತ್ರ ನನ್ನ ತಲೆಗೆ ತಾಗಿಸಲಿಲ್ಲ.