ಮೂರನೆಯ ಭಾಗ ನೋಡಿದ ಭಾನುವಾರ

ನಾನು ಮದುವೆಯಾಗಿ ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಗೆ ಬಂದಾಗ ಆ ಸಿನಿಮಾದ ಎರಡು ಭಾಗ ಬಂದು ಹೋಗಿದ್ದವು, ಮೂರನೆಯದು ಬಾಕಿ ಇತ್ತು. ಈಗ ಹೇಳಿದರೆ ನಗು ಬರುತ್ತದೆ. ಆದರೆ ಹೊಸ ಮನೆಯ ಮೊದಲ ತಿಂಗಳುಗಳಲ್ಲಿ ನಾನು ಕಾಯುತ್ತಿದ್ದುದು ಅದೊಂದಕ್ಕೇ.

ನಮ್ಮ ಮೂಲ ಊರು ನಗರಗೆರೆ. ಅಪ್ಪನಿಗೆ ಗೌರಿಬಿದನೂರಿನ ಕಚೇರಿಯಲ್ಲಿ ಗುಮಾಸ್ತೆ ಕೆಲಸ, ಹಾಗಾಗಿ ನಾನೂ ನನ್ನ ತಮ್ಮನೂ ಬೆಳೆದದ್ದು ಪೇಟೆಯಲ್ಲಿ. ಮೊದಲನೆಯ ಭಾಗವನ್ನು ಇಬ್ಬರೂ ಗೌರಿಬಿದನೂರಿನಲ್ಲಿ ನೋಡಿದೆವು. ಎರಡನೆಯದು ಬಂದಾಗ ನಾನು ಚಿಕ್ಕಬಳ್ಳಾಪುರದಲ್ಲಿ ಡಿಗ್ರಿ ಓದುತ್ತಿದ್ದೆ, ಅವನು ಬಸ್ಸು ಹತ್ತಿ ಅಲ್ಲಿಗೇ ಬಂದ. ಇಂಗ್ಲಿಷ್ ಸಿನಿಮಾ, ನಮ್ಮ ಕಡೆಗೆ ಬರುತ್ತಿದ್ದುದು ತೆಲುಗಿನ ಮಾತು ಹಾಕಿಕೊಂಡು. ನಾಯಕ ಹಗಲು ಹೊತ್ತು ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವನು. ಯಾರಿಗಾದರೂ ಆಪತ್ತು ಬಂದರೆ ಬೂದುಬಣ್ಣದ ಮುಖವಾಡ ಹಾಕಿಕೊಂಡು ಊರಿನ ಮೇಲೆ ಹಾರುತ್ತಿದ್ದ. ಎರಡನೆಯ ಭಾಗದ ಕೊನೆಯಲ್ಲಿ ನಡುಬೀದಿಯಲ್ಲಿ ಅವನ ಮುಖವಾಡ ಅರ್ಧ ಹರಿದು, ಜನರೆಲ್ಲ ಅವನ ಮುಖ ನೋಡುವಷ್ಟರಲ್ಲಿ ತೆರೆ ಕಪ್ಪಾಗಿತ್ತು. ಮುಂದೇನಾಗುತ್ತದೆ ಎಂದು ನಾವಿಬ್ಬರು ಮಾಡಿದಷ್ಟು ಜಗಳವನ್ನು ಆಸ್ತಿಗಾಗಿಯೂ ಯಾರೂ ಮಾಡಿರಲಾರರು. ಅವನು ಊರು ಬಿಟ್ಟು ಹಾರಿ ಹೋಗುತ್ತಾನೆ ಎನ್ನುವುದು ನನ್ನ ವಾದ. ಇಲ್ಲ, ಮುಖವಾಡವಿಲ್ಲದೆಯೇ ಎಲ್ಲರ ಎದುರು ಹಾರುತ್ತಾನೆ ಎನ್ನುವುದು ತಮ್ಮನ ವಾದ.

ಆಮೇಲೆ ನನ್ನ ಮದುವೆಯಾಯಿತು.

ಗಂಡನ ಮನೆಯವರದು ಜಮೀನು, ರೇಷ್ಮೆ. ಮನೆಯಲ್ಲಿ ಮಾವ, ಅತ್ತೆ, ನನ್ನ ಗಂಡ, ನಾನು. ಯಾರೂ ಕೆಟ್ಟವರಲ್ಲ, ಯಾರೂ ಕೈ ಎತ್ತಿದವರಲ್ಲ. ಆದರೆ ಆ ಮನೆಯಲ್ಲಿ ಎಲ್ಲ ನಡೆಯುತ್ತಿದ್ದುದು ಹುಳುವಿನ ಹೊತ್ತಿಗೆ. ಬೆಳಿಗ್ಗೆ ಸೊಪ್ಪು, ಮಧ್ಯಾಹ್ನ ಸೊಪ್ಪು, ಸಂಜೆ ಸೊಪ್ಪು. ಹುಳುವಿನ ಮನೆಗೆ ಕಿಟಕಿಗೆಲ್ಲ ಬಲೆ, ಬಾಗಿಲಿಗೆ ಪರದೆ. ವಾಸನೆ ಹುಳುವಿಗೆ ಆಗುವುದಿಲ್ಲವೆಂದು ಪೌಡರ್ ಹಚ್ಚುವಂತಿಲ್ಲ, ಮಲ್ಲಿಗೆ ಮುಡಿಯುವಂತಿಲ್ಲ, ಒಗ್ಗರಣೆಯ ಘಾಟು ಅತ್ತ ಹೋಗುವಂತಿಲ್ಲ. ಹೊರಗಿನವರು ಬಂದರೆ ಹಜಾರದಲ್ಲೇ ಮಾತಾಡಿಸಿ ಕಳಿಸಬೇಕು. ಒಂದು ಬೆಳೆ ಮುಗಿದು ಗೂಡು ಬಿಡಿಸಿ ಮಾವ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೊರಟರೆ, ಅವರು ತಿರುಗಿ ಬರುವಷ್ಟರಲ್ಲಿ ನಾವು ಹುಳುವಿನ ಮನೆ ತೊಳೆದು ಮುಂದಿನ ಬೆಳೆಗೆ ಅಣಿ ಮಾಡಿರಬೇಕಿತ್ತು. ಎಲ್ಲಿಗಾದರೂ ಹೋಗೋಣವೇ ಎಂದು ಕೇಳಿದಾಗೆಲ್ಲ ಗಂಡ ಮೃದುವಾಗಿಯೇ ಹೇಳುತ್ತಿದ್ದರು, “ಈ ಬೆಳೆ ಒಂದು ಆಗ್ಲಿ, ಹೋಗಣ.” ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಬೇಸಿಗೆಯಲ್ಲಿ ತಮ್ಮ ಫೋನು ಮಾಡಿದ. ಫೋನು ಇದ್ದದ್ದು ಹಜಾರದಲ್ಲಿ, ಮಾವನ ಮಂಚದ ತಲೆದೆಸೆಗೆ.

“ಅಕ್ಕ, ಬಂತು ಕಣೇ. ಚಿಕ್ಕಬಳ್ಳಾಪುರದಲ್ಲಿ ಮೊದಲ ದಿನಾನೇ ನೋಡ್ದೆ.”

“ಏನಾಯ್ತು?”

“ಹೇಳಲ್ಲ. ನೀನು ನೋಡೋವರ್ಗೂ ಬಾಯಿ ಬಿಡಲ್ಲ. ಚಿಂತಾಮಣಿಗೂ ಬಂದೈತಂತೆ. ಹೋಗಿ ನೋಡು.”

ಅವನ ದನಿ ಸಪ್ಪಗಿತ್ತು. ಅದು ನನ್ನನ್ನು ಇನ್ನಷ್ಟು ಕಾಡಿತು. ಮಾವ ಪಕ್ಕದಲ್ಲೇ ಪೇಪರು ಓದುತ್ತಿದ್ದರು, ಹೆಚ್ಚು ಕೇಳಲಾಗಲಿಲ್ಲ. ಹುಳು ಮೂರನೆಯ ಜ್ವರ ಎದ್ದಿದ್ದವು. ನಮ್ಮ ಕಡೆ ಹುಳು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಮೇಲೆ ಎಂಟು ದಿನ ಬಿಡುವಿಲ್ಲದೆ ತಿಂದು ಹಣ್ಣಾಗಿ ಗೂಡು ಕಟ್ಟುತ್ತವೆ. ಲೆಕ್ಕ ಹಾಕಿದೆ. ಗೂಡು ಕಟ್ಟುವ ಹೊತ್ತಿಗೆ ಚಿಂತಾಮಣಿಯಲ್ಲಿ ಬೇರೆ ಪೋಸ್ಟರ್ ಬಿದ್ದಿರುತ್ತಿತ್ತು.

ಮುಂದಿನ ಶನಿವಾರ ಸಂಜೆ ಅತ್ತೆ ಹಿತ್ತಲಿನಲ್ಲಿ ನನ್ನ ಪಕ್ಕ ಬಂದು ನಿಂತರು. ಅವರ ತವರು ಆಂಧ್ರದ ಗಡಿಯಾಚೆ, ಮನೆಮಾತು ತೆಲುಗು. ಇಷ್ಟು ವರ್ಷವಾದರೂ ಅವರ ಕನ್ನಡದಲ್ಲಿ ಆ ಎಳೆತ ಉಳಿದಿತ್ತು.

“ಹುಳ ನಾಲ್ಕನೇ ಜ್ವರಕ್ಕೆ ಕೂತವೆ. ನಾಳೆ ಪೂರ್ತಿ ಸೊಪ್ಪು ಕೇಳಲ್ಲ,” ಎಂದರು. “ನನ್ನ ಕನ್ನಡಕದ ಕಡ್ಡಿ ಸಡ್ಲ ಆಗೈತೆ. ನಾಳೆ ಚಿಂತಾಮಣಿಗೆ ಹೋಗಣ ಅಂತ ನಿಮ್ಮ ಮಾವಂಗೆ ಹೇಳಿದೀನಿ. ಆ ಸಿನಿಮಾ ಎಷ್ಟೊತ್ತಿಗಮ್ಮ?”

ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಫೋನಿನ ಮಾತು ಅಡುಗೆಮನೆಗೂ ಕೇಳುತ್ತಿತ್ತು.

ಭಾನುವಾರ ಕನ್ನಡಕದ ಅಂಗಡಿಗೆ ಬೀಗ. ಅತ್ತೆ ಬೀಗವನ್ನು ನೋಡಿ ಆಶ್ಚರ್ಯವನ್ನೇನೂ ತೋರಿಸದೆ, “ನಡಿ,” ಎಂದರು. ಮ್ಯಾಟಿನಿಗೆ ಥಿಯೇಟರಿನ ಮುಂದೆ ಜನವೋ ಜನ. ಹೆಚ್ಚಿನವರು ಹುಡುಗರು, ಕಾಲೇಜಿನವರು, ರೇಷ್ಮೆ ಬಿಚ್ಚುವ ಕಡೆ ಕೆಲಸ ಮಾಡುವವರು. ಬೂದುಬಣ್ಣದ ಕರವಸ್ತ್ರವನ್ನು ಮುಖಕ್ಕೆ ಕಟ್ಟಿಕೊಂಡು ಬಂದವರೂ ಇದ್ದರು. ಹೆಂಗಸರೆಂದರೆ ನಾವಿಬ್ಬರು, ಇನ್ನೊಂದು ಸಂಸಾರ. ಬಾಲ್ಕನಿಯ ಗೋಡೆ ಬದಿಯ ಸೀಟು ಹಿಡಿದು ಕೂತೆವು.

ಅವನು ತೆರೆಯ ಮೇಲೆ ಬಂದಾಗ ಎದ್ದ ಶಿಳ್ಳೆಗೆ ಅತ್ತೆ ನನ್ನ ಕೈ ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ಬಿಟ್ಟರು. ತೆಲುಗಿನ ಮಾತು ಅವರಿಗೆ ನನಗಿಂತ ಚೆನ್ನಾಗಿ ಹತ್ತುತ್ತಿತ್ತು. ನನಗೆ ತಿಳಿಯದ ಒಂದೆರಡು ತಮಾಷೆಗೆ ಅವರು ಎಲ್ಲರೊಡನೆ ನಕ್ಕರು. ಇಂಟರ್‌ವಲ್ ಆಗಿ ದೀಪ ಹತ್ತಿಕೊಂಡ ಕೂಡಲೇ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಕೆಳಗಿಟ್ಟಿದ್ದ ಚೀಲ ಎತ್ತಿಕೊಂಡರು.

“ಎಲ್ಲಿಗೆ ಅತ್ತಮ್ಮ? ಇನ್ನೂ ಅರ್ಧ ಇದೆ.”

“ಐತೆ, ಗೊತ್ತು.” ನಿಂತೇ ಇದ್ದರು. “ನಿಮ್ಮ ಮಾವ ಯಾವಾಗ್ಲೂ ಇಲ್ಲಿಗೇ ಎಬ್ಬಿಸ್ತಿದ್ರು. ಬಸ್ಸು ತಪ್ಪುತ್ತೆ, ಸಂಜೆ ಸೊಪ್ಪಿನ ಹೊತ್ತಾಗುತ್ತೆ ಅಂತ. ಮದ್ವೆ ಆದಾಗ್ನಿಂದ ನಾಲ್ಕು ಸಿನಿಮಾ ನೋಡಿದೀನಿ. ನಾಲ್ಕೂ ಅರ್ಧ.”

“ಮುಂದೇನಾಯ್ತು ಅಂತ ಯಾರನ್ನೂ ಕೇಳ್ಲಿಲ್ವಾ?”

“ಯಾರನ್ನ ಕೇಳೋದು? ನೋಡಿದವರು ಯಾರಿದ್ರು ನಮ್ಮನೇಲಿ?”

ಅವರು ಮತ್ತೆ ಕೂತರು. ಚೀಲವನ್ನು ಮಾತ್ರ ಕೊನೆಯವರೆಗೂ ತೊಡೆಯ ಮೇಲೇ ಇಟ್ಟುಕೊಂಡಿದ್ದರು.

ಇನ್ನು ಆ ಸಿನಿಮಾದ ಕೊನೆ. ಊರನ್ನೆಲ್ಲ ಉಳಿಸಬೇಕಾದರೆ ಅವನು ಹಾರುವ ಶಕ್ತಿಯನ್ನು ಬಿಟ್ಟುಕೊಡಬೇಕಾಗುತ್ತದೆ, ಬಿಟ್ಟುಕೊಡುತ್ತಾನೆ. ಊರು ಉಳಿಯುತ್ತದೆ. ಮರುದಿನ ಸಾಮಾನು ಚೀಲ ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾನೆ. ಅಂದು ಬೀದಿಯಲ್ಲಿ ಅರ್ಧ ಮುಖ ಕಂಡವರೂ ಹಾರದ ಅವನ ಗುರುತು ಹಿಡಿಯುವುದಿಲ್ಲ. ರಿಪೇರಿ ಮುಗಿಸಿ ತಾನೇ ಆ ಲಿಫ್ಟಿನೊಳಗೆ ನಿಂತು ಗುಂಡಿ ಒತ್ತುತ್ತಾನೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಅಷ್ಟೇ.

ನಾವೆಲ್ಲ ಬಾಗಿಲು ತೆರೆಯಲಿ ಎಂದು ಕಾದೆವು. ಅಷ್ಟು ದೊಡ್ಡ ಥಿಯೇಟರಿನಲ್ಲಿ ಒಬ್ಬರೂ ಅಲುಗಾಡಲಿಲ್ಲ. ತೆರೆಯ ಮೇಲೆ ಹೆಸರುಗಳು ಓಡತೊಡಗಿದವು. ಆಗಲೂ ಕಾದೆವು. ದೀಪ ಹತ್ತಿದಾಗ ಕೆಳಗಿನಿಂದ ಯಾರೋ ಕೂಗಿದರು, “ಲಾಸ್ಟ್ ರೀಲ್ ಎಕ್ಕಡ?” ಕೊನೆಯ ರೀಲು ಎಲ್ಲಿ ಎಂದು ಇನ್ನೊಬ್ಬರು ಕನ್ನಡದಲ್ಲಿ ಕೂಗಿದರು. ಕ್ಷಣದಲ್ಲಿ ಅದೇ ಮಾತು ಎಲ್ಲರ ಬಾಯಲ್ಲಿ. ಮುಂದಿನ ಆಟಕ್ಕೆ ಹೊತ್ತಾಗುತ್ತದೆಂದು ಆಪರೇಟರ್ ಕೊನೆಯ ರೀಲು ಕತ್ತರಿಸಿದ್ದಾನೆ, ಅದರಲ್ಲಿ ಬಾಗಿಲು ತೆರೆಯುತ್ತದೆ, ಅವನು ಹಾರುತ್ತಾನೆ ಎಂದು ಎಲ್ಲರಿಗೂ ಖಾತ್ರಿ. ಚಪ್ಪಲಿಗಳು ತೆರೆಯ ಕಡೆ ಹಾರಿದವು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತು. ಎರಡು ವರ್ಷ ಕಾದದ್ದು ಆ ಮುಚ್ಚಿದ ಬಾಗಿಲನ್ನು ನೋಡುವುದಕ್ಕಲ್ಲ.

ಮೆಟ್ಟಿಲು ಇಳಿಯುವಾಗ ಕೆಳಗಿನಿಂದ ಕಬ್ಬಿಣದ ಗೇಟು ಎಳೆದ ಸದ್ದು ಕೇಳಿತು. ತೆರೆ ಹರಿದಿದೆ, ಹರಿದವರನ್ನು ಒಪ್ಪಿಸುವ ತನಕ ಯಾರನ್ನೂ ಬಿಡುವುದಿಲ್ಲ ಎಂದು ಮ್ಯಾನೇಜರ್ ಬೀಗ ಹಾಕಿಸಿದ್ದರು. ಮೇಲಿನಿಂದ ಇಳಿಯುವವರು ನಿಲ್ಲಲಿಲ್ಲ, ಮುಂದೆ ದಾರಿಯಿಲ್ಲ. ಬೆವರು, ಬೀಡಿಯ ವಾಸನೆ, ಕೂಗಾಟ. ನಾನು ಗೋಡೆಗೆ ಒತ್ತಿಕೊಂಡು ನಿಂತೆ. ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಇಲ್ಲಿಂದ ಬಿಟ್ಟರೂ ಹೋಗುವುದು ಆ ಬಲೆ ಬಡಿದ ಕಿಟಕಿಗಳ ಮನೆಗೆ ಎಂಬ ಯೋಚನೆ ಬಂದದ್ದು ಅಲ್ಲೇ. ಬಂದದ್ದು ಆಮೇಲೆ ಹೋಗಲಿಲ್ಲ. ಅತ್ತೆ ಒಂದು ಕೈಯನ್ನು ಗೋಡೆಗೆ ಊರಿ, ಹುಡುಗರ ಭಾರ ನನ್ನ ಮೇಲೆ ಬೀಳದಂತೆ ಅಡ್ಡ ನಿಂತಿದ್ದರು.

ನಮ್ಮ ಕೆಳಗಿನ ಮೆಟ್ಟಿಲಿನಲ್ಲಿ ಒಬ್ಬಾತ ಅಳುತ್ತಿದ್ದ. ಇಪ್ಪತ್ತೈದರ ಮೇಲಿನ ವಯಸ್ಸು. ಬಿಸಿನೀರಿನಲ್ಲಿ ಗೂಡು ಬಿಚ್ಚಿ ಬಿಚ್ಚಿ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು.

“ಯಾಕಪ್ಪ, ಪೆಟ್ಟಾಯ್ತಾ?” ಎಂದು ಅತ್ತೆ ಬಗ್ಗಿ ಕೇಳಿದರು.

“ಇಲ್ಲಮ್ಮ. ಇವರೆಲ್ಲ ಲಾಸ್ಟ್ ರೀಲ್, ಲಾಸ್ಟ್ ರೀಲ್ ಅಂತಾರೆ. ಅಂಥಾದ್ದು ಇಲ್ವೇ ಇಲ್ಲ. ನಾನು ಸಿಡ್ಲಘಟ್ಟದಲ್ಲಿ ನೋಡ್ದೆ, ಚಿಕ್ಕಬಳ್ಳಾಪುರದಲ್ಲಿ ನೋಡ್ದೆ, ಇಲ್ಲಿ ಮೂರ್ನೇ ಸಲ. ಎಲ್ಲಾ ಕಡೆನೂ ಬಾಗಿಲು ಮುಚ್ಚಿಬಿಡ್ತದೆ.”

ಸುತ್ತಲಿನವರು ಅವನತ್ತ ತಿರುಗಿದರು. ಒಬ್ಬ, “ಸುಳ್ಳು ಕಣೋ,” ಎಂದ. ಇವನು ದೇವರ ಮೇಲೆ ಆಣೆ ಇಟ್ಟ. ಆ ಮಾತು ಬಾಯಿಂದ ಬಾಯಿಗೆ ಗೇಟಿನವರೆಗೂ ಇಳಿದುಹೋಯಿತು. ಕೂಗು ತಗ್ಗುತ್ತ ಬಂತು. ಆಮೇಲೆ ಮೆಟ್ಟಿಲಿನಲ್ಲಿ ಕೇಳಿದ್ದು ಗೊಣಗಾಟ ಅಷ್ಟೇ. ಹಾರೋದು ಬಿಟ್ಟ ಮೇಲೆ ಅವನೇನು ಹೀರೋ, ಇದಕ್ಕೆ ಮೂರು ಭಾಗ ಬೇಕಿತ್ತಾ, ಎರಡಕ್ಕೇ ನಿಲ್ಲಿಸಬೇಕಿತ್ತು.

“ಹಿಂಗೇ ಆಗುತ್ತೆ ಅಂತ ಗೊತ್ತಿದ್ದೂ ಯಾಕಪ್ಪ ಬಂದೆ?” ಅತ್ತೆ ಕೇಳಿದರು.

ಅವನು ತೋಳಿನಲ್ಲಿ ಮುಖ ಒರೆಸಿಕೊಂಡ. “ಮೇಲೆ ಹಾರೋ ಸೀನ್ ಇವೆಯಲ್ಲಮ್ಮ, ಮೊದಲರ್ಧದಲ್ಲಿ. ಅದಕ್ಕೇ ಬರೋದು. ಕೊನೇಗೆ ಎದ್ದು ಹೋಗಣ ಅನ್ಕೊಂತೀನಿ, ಆಗಲ್ಲ.”

ಮುಕ್ಕಾಲು ಗಂಟೆಯಾದ ಮೇಲೆ ಯಾರೋ ಹಿರಿಯರು ಮಧ್ಯೆ ಬಂದು ಮಾತಾಡಿ ಗೇಟು ತೆಗೆಸಿದರು. ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ನಮ್ಮ ಬಸ್ಸು ಹೋಗಿತ್ತು. ಕಲ್ಲುಬೆಂಚಿನ ಮೇಲೆ ಕೂತು ಅತ್ತೆ ಚೀಲವನ್ನು ಪಕ್ಕಕ್ಕಿಟ್ಟರು. ಆಮೇಲೆ ಕೇಳಿದರು, “ಎಲ್ಲಾ ಸಿನಿಮಾನೂ ಹಿಂಗೇ ಮುಗೀತವಾ?”

“ಇಲ್ಲ ಅತ್ತಮ್ಮ. ಹೆಚ್ಚಿನವು ಚೆನ್ನಾಗಿ ಮುಗೀತವೆ.”

“ನೋಡು ಮತ್ತೆ, ನನಗೆ ಸಿಕ್ಕಿದ್ದು ಇದು,” ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ಮನೆ ತಲುಪಿದಾಗ ಮುಸ್ಸಂಜೆ. ಮಾವ ಜಗುಲಿಯಲ್ಲಿ ಕೂತಿದ್ದರು.

“ಕನ್ನಡಕ ಆಯ್ತಾ?”

“ಅಂಗಡಿ ಮುಚ್ಚಿತ್ತು. ಸಿನಿಮಾಕ್ಕೆ ಹೋಗಿದ್ವಿ. ಪೂರ್ತಿ ನೋಡ್ಕೊಂಡು ಬಂದ್ವಿ,” ಎಂದು ಅತ್ತೆ ಚಪ್ಪಲಿ ಬಿಟ್ಟು ಒಳಗೆ ನಡೆದರು.

ಮಾವ ಬೈಯಲಿಲ್ಲ. ಅವರು ಬೈಯುವವರಲ್ಲ. “ಊರಿನ ಜನದ ಮಧ್ಯೆ ಇದ್ದು ಬಂದಿದೀರಿ, ತಲೆಗೆ ನೀರು ಹಾಕ್ಕೊಳ್ದೆ ಹುಳದ ಮನೆಗೆ ಹೋಗಬೇಡಿ,” ಎಂದಷ್ಟೇ ಹೇಳಿದರು. ಎರಡು ದಿನ ಅತ್ತೆಯೊಂದಿಗೆ ಮಾತು ಬಿಟ್ಟರು. ನನ್ನ ಗಂಡ ಅಡುಗೆಮನೆಗೆ ಬಂದು, “ನನಗೆ ಹೇಳಿದ್ರೆ ಕರ್ಕೊಂಡು ಹೋಗ್ತಿದ್ನಲ್ಲ,” ಎಂದರು. ಅವರು ಅದನ್ನು ನಿಜವೆಂದೇ ನಂಬಿ ಹೇಳಿದರು.

ಮರುದಿನ ತಮ್ಮನ ಫೋನು. ಮಾವ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು, ನಿದ್ದೆ ಇರಲಿಲ್ಲ.

“ನೋಡ್ದಾ?”

“ಹೂಂ.”

“ಕೊನೇಲಿ ಹೆಂಗಾಯ್ತು ನಿನಗೆ? ನಾನಂತೂ ಹೊರಗೆ ಬಂದು ಅರ್ಧ ಗಂಟೆ ಸೈಕಲ್ ಸ್ಟ್ಯಾಂಡಲ್ಲೇ ನಿಂತಿದ್ದೆ. ಹೇಳು ಅಕ್ಕ.”

ಹೇಳುವುದು ಬಾಯಿ ತುಂಬ ಇತ್ತು. ಗೇಟು, ಬೆಳ್ಳಗಿನ ಬೆರಳು, ಅತ್ತೆಯ ನಾಲ್ಕು ಅರ್ಧ ಸಿನಿಮಾ, ಆ ಮೆಟ್ಟಿಲಿನಲ್ಲಿ ನನಗೆ ಉಸಿರು ಕಟ್ಟಿದ್ದು.

“ಚೆನ್ನಾಗಿತ್ತು,” ಎಂದೆ.

“ಅಷ್ಟೇನಾ?”

“ಸೊಪ್ಪಿನ ಹೊತ್ತಾಯ್ತು. ಇಡ್ಲಾ?”

ಅವನು ಮೊದಲೇ ಇಟ್ಟುಬಿಟ್ಟ.

ಹುಳು ಆ ಬೆಳಿಗ್ಗೆಯೇ ಜ್ವರ ಎದ್ದಿದ್ದವು. ಆ ಎಂಟು ದಿನ ಹುಳುವಿನ ಮನೆಯಲ್ಲಿ ಸೊಪ್ಪು ಕಡಿಯುವ ಸದ್ದು ಜಡಿಮಳೆಯಂತೆ ಕೇಳುತ್ತದೆ. ಎರಡನೆಯ ದಿನ ಅತ್ತೆ ಸೊಪ್ಪು ಹರಡುತ್ತ, “ಮೊದಲ್ನೇ ಭಾಗದಿಂದ ಹೇಳು,” ಎಂದರು. ಹೇಳತೊಡಗಿದೆ. ಅವರು ಸುಮ್ಮನೆ ಕೇಳುವವರಲ್ಲ. ಹಾರುವಾಗ ಚಳಿಯಾಗುವುದಿಲ್ಲವೇ, ಅವನ ತಾಯಿಗೆ ಗೊತ್ತಿತ್ತೇ, ಮುಖವಾಡ ಒಗೆಯುತ್ತಿದ್ದವರು ಯಾರು? ನಾನೂ ತಮ್ಮನೂ ಇಷ್ಟು ವರ್ಷ ಜಗಳವಾಡಿದರೂ ಈ ಪ್ರಶ್ನೆಗಳು ನಮಗೆ ಹೊಳೆದಿರಲಿಲ್ಲ. ಎರಡನೆಯ ಭಾಗ ಮುಗಿಯುವಷ್ಟರಲ್ಲಿ ಹುಳು ಹಣ್ಣಾದವು, ಕೆಲಸ ಹೆಚ್ಚಿತು, ಮಾತು ನಿಂತಿತು.

ಗೂಡು ಬಿಡಿಸಿದ ಮೇಲೆ ತಮ್ಮ ಬಂದು ನನ್ನನ್ನು ತವರಿಗೆ ಕರೆದುಕೊಂಡು ಹೋದ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಮಾವ ಇಲ್ಲದ ಧೈರ್ಯದಲ್ಲಿ, “ಆವತ್ತು ಫೋನಲ್ಲಿ ಹೇಳಕ್ಕಾಗ್ಲಿಲ್ಲ,” ಎಂದು ಶುರುಮಾಡಿದೆ. ಅವನು ಹೊಸದಾಗಿ ಕೊಂಡಿದ್ದ ಮೊಬೈಲಿನ ಗುಂಡಿ ಒತ್ತುತ್ತಿದ್ದ. ಸ್ವಲ್ಪ ಹೊತ್ತು ಕೇಳಿ, “ಬಿಡಕ್ಕ, ಅದು ಹಳೇದಾಯ್ತು,” ಎಂದ. ಬೇಕೆಂದೇ ನೋಯಿಸಿದ್ದಲ್ಲ. ಅವನ ಮಟ್ಟಿಗೆ ಅದು ನಿಜವಾಗಿಯೂ ಹಳೆಯದಾಗಿತ್ತು. ಗೌರಿಬಿದನೂರು ಬರುವ ತನಕ ನಾನು ಹೊರಗೆ ನೋಡುತ್ತ ಕೂತೆ.

ತವರಿನಲ್ಲಿ ನಾಲ್ಕು ದಿನ ಇದ್ದೆ. ಐದನೆಯ ದಿನ ಗಂಡ ಬಂದು ಕರೆದುಕೊಂಡು ಹೊರಟರು. ಮನೆಯಲ್ಲಿ ಹೊಸ ಮರಿಹುಳು ಬಂದಿದ್ದವು, ಇರುವೆಗಿಂತ ಸಣ್ಣವು. ಅತ್ತೆ ಪರದೆ ಸರಿಸಿ, “ಬಂದ್ಯಾಮ್ಮ, ಕೈಕಾಲು ತೊಳ್ಕೊಂಡು ಬಾ,” ಎಂದರು. ಸೀರೆ ಬದಲಿಸಿ, ತಲೆಯಲ್ಲಿದ್ದ ಮಲ್ಲಿಗೆ ತೆಗೆದು ಹಿತ್ತಲಿಗೆ ಹಾಕಿ, ಒಳಗೆ ಹೋದೆ.