ನನ್ನ ಪಾಲಿನ ಪಂಕ್ತಿ

ಸೋಲದೇವನಹಳ್ಳಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ನನ್ನ ಕೈಗಳ ತುಂಬ ತೊನ್ನಿನ ಬಿಳಿ ಮಚ್ಚೆಗಳು. ನನಗಿಂತ ಹತ್ತು ನಿಮಿಷ ಚಿಕ್ಕವನಾದ ಅವಳಿ ತಮ್ಮನಿಗೆ ಒಂದೂ ಇಲ್ಲ. ಮಿಕ್ಕಂತೆ ಮುಖ, ಮೂಗು, ಬೋಳುತಲೆ ಎಲ್ಲ ಥೇಟ್ ಒಂದೇ. ಹೀಗಾಗಿ ಪಾಠಕ್ಕೆ ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ. "ವೈರಿಂಗ್ ಒಂದೇ, ಯಾವ ಸ್ವಿಚ್ ಆನ್ ಆಗಿದೆ ಅನ್ನೋದು ಬೇರೆ. ಇದೇ ಎಪಿಜೆನೆಟಿಕ್ಸ್," ಎನ್ನುತ್ತೇನೆ. ವಂಶವಾಹಿ ಬದಲಾಗದೆ ಅದರ ಮೇಲಿನ ಗುರುತುಗಳು ಬದಲಾದರೂ, ಮೈ ಕಾಯಬೇಕಾದ ಕೋಶಗಳು ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲೇ ತಿರುಗಿಬೀಳಬಹುದು. 'ಅಂಟುವುದಿಲ್ಲ' ಎಂದು ಬೋರ್ಡಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತೇನೆ. ಆಟೊದವರಿಗೂ ಇದೇ ಭಾಷಣ. ಕೇಳದವರನ್ನೂ ಬಿಟ್ಟಿಲ್ಲ.

ಇಂಥ ಧೀರ ನಾನು, ಮನೆಯ ಸಮಾರಂಭಗಳಲ್ಲಿ ಮಾತ್ರ ಉಗ್ರಾಣ ಸೇರಿಕೊಳ್ಳುತ್ತಿದ್ದೆ. ಚಿಕ್ಕಜಾಲದ ನಮ್ಮ ಮನೆತನದಲ್ಲಿ ಅಡುಗೆಗೆ ಯಾರೇ ಬರಲಿ, ಬಡಿಸುವುದು ಮನೆಯ ಗಂಡಸರೇ. ಒಬ್ಬೊಬ್ಬರಿಗೆ ಒಂದೊಂದು ಪಂಕ್ತಿ. ಮಚ್ಚೆಯ ಕೈಯಿಂದ ಒಬ್ಬಟ್ಟು ಹಾಕಿದರೆ ಯಾರಾದರೂ ಎಲೆ ಮಡಚಿ ಎದ್ದುಬಿಟ್ಟಾರು ಎಂಬ ಭಯ ನನಗೆ. ಉಪಾಯವೂ ನನ್ನದೇ. ತಮ್ಮನು ತನ್ನ ಪಾಲಿನ ಮೊದಲ ಪಂಕ್ತಿಗೆ ನೀಲಿ ಅಂಗಿಯಲ್ಲಿ ಬಡಿಸುವುದು, ನನ್ನ ಪಾಲಿನ ಎರಡನೆಯದಕ್ಕೆ ನನ್ನ ಬಿಳಿ ಅಂಗಿ ತೊಟ್ಟು ನಾನಾಗುವುದು. ಅಷ್ಟು ಹೊತ್ತು ನಾನು ಬನಿಯನ್ನಿನಲ್ಲಿ ಕೂತು ಬಾಳೆಲೆ ಒರೆಸುತ್ತಿದ್ದೆ. ಆಮೇಲೆ ಯಾರಾದರೂ "ಚೆನ್ನಾಗ್ ಬಡಿಸ್ದೆ ಕಣಪ್ಪಾ" ಎಂದರೆ ಜೇಬಿನಿಂದ ಕೈ ತೆಗೆಯದೆ ನಗುತ್ತಿದ್ದೆ. ನಾಚಿಕೆಗೆಟ್ಟವನು.

ಹೋದ ವರ್ಷ ತಮ್ಮನ ಮಗಳ ನಿಶ್ಚಿತಾರ್ಥ. ಹಿಂದಿನ ದಿನವೇ ಅವನ ಕಾಲು ಉಳುಕಿತು.

"ನನ್ ಪಂಕ್ತಿ ಬೇರೆಯವ್ರು ನೋಡ್ಕೊತಾರೆ. ನಿಂದು ನೀನೇ ಬಡಿಸಣ್ಣ," ಎಂದ.

ಗಂಡಿನ ಕಡೆಯವರು ಕೂರುವ ಪಂಕ್ತಿ ಅದು. ನನ್ನ ಕೈ ನೋಡಿ ಸಂಬಂಧವೇ ಮುರಿದುಬಿದ್ದರೆ? ಕಾಲೇಜಿನ ಲ್ಯಾಬಿನಿಂದ ತಂದಿದ್ದ ಗ್ಲೌಸ್ ತೊಟ್ಟು ಹೊರಟೆ. ತುಪ್ಪ ಸವರಿದ ಒಬ್ಬಟ್ಟು ಗ್ಲೌಸಿನಲ್ಲಿ ನಿಲ್ಲುತ್ತದೆಯೇ? ಮೊದಲನೆಯದೇ ಜಾರಿ ಭಾವೀ ಬೀಗರ ತೊಡೆಯ ಮೇಲೆ ಬಿತ್ತು.

ಅವರ ಪಕ್ಕದಲ್ಲಿ ಕೂತಿದ್ದ ನನ್ನ ಸೋದರತ್ತೆಗೆ ಎಂಬತ್ತು ದಾಟಿದೆ, ಗಂಟಲು ಮಾತ್ರ ಇಳಿದಿಲ್ಲ. "ಏನ್ಲಾ ಇದು, ಆಪ್ರೇಸನ್ ಮಾಡಾಕ್ ಬಂದಿದ್ದೀಯಾ? ಬಿಚ್ಚಾಕು ಅದ್ನ!"

"ಅತ್ತೆ, ಕೈ..." ಎಂದೆ.

"ಗೊತ್ತು ಕಣ್ಲಾ. ಇಷ್ಟ್ ವರ್ಸ ನಿನ್ನಂಗಿ ಆಕ್ಸಿ ಅವನ್ನ ಕಳಿಸ್ತಿದ್ದಿದ್ದೂ ಗೊತ್ತು. ಅವ್ನು ಎಷ್ಟ್ ಕೇಳುದ್ರೂ ಎಲ್ಡೇ ಒಬ್ಬಟ್ಟು ಆಕೋದು. ಈ ಮಚ್ಚೆ ಬರಾಕ್ ಮುಂಚೆ ನಂಗೆ ಕೇಳ್ದೆ ಮೂರು ಆಕ್ತಿದ್ದೋನು ನೀನು."

ಗ್ಲೌಸ್ ಕಿತ್ತೆ. ಬೀಗರು ತೊಡೆಯ ಮೇಲಿನ ಒಬ್ಬಟ್ಟನ್ನು ಎಲೆಗೆ ಹಾಕಿಕೊಂಡು ಆಗಲೇ ಅರ್ಧ ತಿಂದಿದ್ದರು. ಯಾರೂ ಎಲೆ ಮಡಚಲಿಲ್ಲ. ಅಂಟುವುದಿಲ್ಲ ಎಂದು ಊರಿಗೆಲ್ಲ ಪಾಠ ಹೇಳಿ, ಅದನ್ನು ನಂಬದೆ ಉಳಿದಿದ್ದವನು ನಾನೊಬ್ಬನೇ. ಅಳು ಬಂತು. ಅತ್ತೆಯ ಎಲೆಗೆ ಕೇಳದೆ ಮೂರು ಒಬ್ಬಟ್ಟು ಹಾಕಿದೆ.