ಬಯಕೆ ಕಳೆಯಲಿ

"ಕೈ ದುಂಡಗಾಗಿದೆ, ತಾಯಿಕಳೆ ಬಂದಿದೆ" ಎಂದು ಆ ದಿನ ನಗದವರಿಲ್ಲ. ಲಾಯಿಲದ ಗಂಡನ ಮನೆಯಲ್ಲಿ ನನ್ನ ಏಳನೇ ತಿಂಗಳ ಬಯಕೆ ಶಾಸ್ತ್ರ. ಮಣೆಯಲ್ಲಿ ಕೂರಿಸಿ ಹಸಿರು ಬಳೆ ತೊಡಿಸಲು ಹೊರಟರೆ ಒಂದೂ ಏರಲಿಲ್ಲ. ಗಂಡನ ಚಿಕ್ಕಮ್ಮ ಸಾಬೂನು ನೀರು ತಂದು, ಕೈ ಹಿಂಡಿ, ಹೇಗೋ ಏರಿಸಿದರು. ಅದು ಬೀಪಿಯ ಬಾವು ಎಂದು ನನಗೆ ಗೊತ್ತಿತ್ತು. ಆದರೂ ನಕ್ಕೆ. ಆ ನಗುವಿನ ಫೋಟೋ ಈಗಲೂ ಗಂಡನ ಮೊಬೈಲಿನಲ್ಲಿದೆ. ನೋಡಿದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಬೇಕೆನಿಸುತ್ತದೆ.

ಆರನೇ ತಿಂಗಳಲ್ಲೇ ಬೀಪಿ ಏರಿತ್ತು. ಬೆಳ್ತಂಗಡಿಯ ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, ಮೂಡಬಿದಿರೆಗೆ ಹೋಗಿ ಡಾಪ್ಲರ್ ಸ್ಕ್ಯಾನಿಂಗ್ ಮಾಡಿಸಲು ಹೇಳಿದರು. ಮಗುವಿನ ತೂಕ, ಅಳತೆ ನೋಡುವುದಷ್ಟೇ ಅಲ್ಲ; ಹೊಕ್ಕುಳಬಳ್ಳಿಯಲ್ಲಿ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ಅದರಲ್ಲಿ ನೋಡುತ್ತಾರೆ. ಮೊದಲ ಸಲ ಹರಿವು ಸ್ವಲ್ಪ ಕಡಿಮೆ ಎಂದು ಬಂತು. "ವಾರ ತಪ್ಪಿಸಬೇಡಿ. ಬುಧವಾರ ಅಂದ್ರೆ ಬುಧವಾರವೇ" ಎಂದಿದ್ದರು ಅಲ್ಲಿನ ಡಾಕ್ಟರು.

ಆ ಬುಧವಾರ ಚಪ್ಪಲಿ ಹಾಕಿ ಜಗಲಿಯಲ್ಲಿ ನಿಂತಿದ್ದೆ. ಅತ್ತೆ ಒಳಗಿನಿಂದ ಬಂದರು.

"ಇವತ್ತು ಬೇಡ ಮಾರಾಯ್ತಿ. ಆದಿತ್ಯವಾರ ಬಯಕೆ ಉಂಟಲ್ಲ, ಅದೊಂದು ಕಳೀಲಿ. ಅವರು ಎಂತಾದ್ರೂ ಹೇಳಿದ್ರೆ ಮತ್ತೆ ಮಣೆಯಲ್ಲಿ ಕೂರುದು ಹೇಗೆ? ಕಲ್ಲಡ್ಕದವರೆಗಿನ ನೆಂಟರಿಗೆಲ್ಲ ಹೇಳಿಕೆ ಆಗಿದೆ."

"ಸೋಮವಾರವೇ ಹೋಗುವ" ಎಂದು ಗಂಡ ಕಾರಿನ ಕೀಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿದರು. ಪೊಳಲಿಯಿಂದ ನನ್ನ ಅಮ್ಮನೂ ಫೋನಿನಲ್ಲಿ ಅದನ್ನೇ ಹೇಳಿದರು. ಹೈಸ್ಕೂಲಿನಲ್ಲಿ ಮಕ್ಕಳಿಗೆ ರಕ್ತ ಪರಿಚಲನೆಯ ಪಾಠ ಮಾಡುವ ನಾನು ಚಪ್ಪಲಿ ಕಳಚಿ ಒಳಗೆ ಹೋದೆ. ಕೆಟ್ಟ ಸುದ್ದಿ ಕಿವಿಗೆ ಬೀಳದಿದ್ದರೆ ಕೆಟ್ಟದ್ದು ಆಗುವುದೇ ಇಲ್ಲ ಎಂಬ ಲೆಕ್ಕ ನಮ್ಮದು! ಬಯಕೆಯ ತಾರೀಕನ್ನು ಹೊಟ್ಟೆಯೊಳಗಿನ ಮಗುವಿಗೆ ಯಾರು ಹೇಳಿದ್ದರು?

ಸೋಮವಾರ ಮೂಡಬಿದಿರೆಯ ಡಾಕ್ಟರು ಪರದೆ ನೋಡುತ್ತ ಮಾತು ನಿಲ್ಲಿಸಿದರು. ಹೃದಯದ ಎರಡು ಬಡಿತಗಳ ನಡುವೆಯೂ ಬಳ್ಳಿಯಲ್ಲಿ ರಕ್ತ ಮುಂದಕ್ಕೆ ಹರಿಯುತ್ತಿರಬೇಕು. ನನ್ನ ಮಗುವಿನದು ಹಿಂದಕ್ಕೆ ಸರಿಯುತ್ತಿತ್ತು.

"ಬುಧವಾರ ಯಾಕೆ ಬರ್ಲಿಲ್ಲ?"

ಅಲ್ಲಿಂದಲೇ ಮಂಗಳೂರಿಗೆ ಓಡಿದೆವು. ಆಪರೇಶನ್ನಿಗೆ ಮೊದಲು ನರ್ಸ್ ಬಳೆ ತೆಗೆಯಲು ನೋಡಿದರೆ ಬರಲಿಲ್ಲ. ಹೆರಿಗೆಗೆ ಮೊದಲು ಬಯಕೆಯ ಬಳೆ ಒಡೆಯಬಾರದು ಎಂದು ಅತ್ತೆ ಗೋಗರೆದರು. "ಒಡೀರಿ!" ಎಂದು ನಾನು ಕಿರುಚಿದೆ. ಆ ಕಿರುಚಾಟ ಬುಧವಾರ ಜಗಲಿಯಲ್ಲಿ ಬರಬೇಕಿತ್ತು.

ಮಗಳು ಎರಡು ದಿನ ಇದ್ದಳು.

ನೋಡಲು ಬಂದ ನೆರೆಮನೆಯಾಕೆ "ಬಯಕೆಯಾದ್ರೂ ಚಂದದಲ್ಲಿ ಆಯ್ತಲ್ಲ" ಎಂದರು. ಎದ್ದು ಹೋಗಲು ಹೇಳಿದೆ. ಹಾಗೆ ಹೇಳಿದ್ದಕ್ಕೆ ನನಗೆ ಇಂದಿಗೂ ಬೇಸರವಿಲ್ಲ.

ಎರಡು ವರ್ಷದ ಮೇಲೆ ಮತ್ತೆ ಬಸುರಿಯಾದೆ. ಮತ್ತೆ ಬೀಪಿ. ಏಳನೇ ತಿಂಗಳು ಹತ್ತಿರ ಬಂದಾಗ ಅತ್ತೆ ಕ್ಯಾಲೆಂಡರ್ ಎದುರು ನಿಂತಿದ್ದರು. ಅವರು ಬಾಯಿ ತೆರೆಯುವ ಮೊದಲೇ ಹೇಳಿದೆ.

"ಬಯಕೆ ಬೇಡ ಅತ್ತೆ. ಬುಧವಾರ ಸ್ಕ್ಯಾನಿಂಗ್ ಉಂಟು."

ಬುಧವಾರ ಅವರು ನನಗಿಂತ ಮೊದಲೇ ಕಾರಿನಲ್ಲಿ ಕುಳಿತಿದ್ದರು. ಮೂಡಬಿದಿರೆಯಲ್ಲಿ ನನ್ನ ಹಿಂದೆಯೇ ಒಳಗೆ ಬಂದು, ಕತ್ತಲೆ ಕೋಣೆಯ ಬಾಗಿಲಿಗೆ ಒರಗಿ ನಿಂತರು. ಪರದೆಯಲ್ಲಿ ಕೆಂಪು, ನೀಲಿ ಬಣ್ಣ ಓಡಾಡಿತು. ಡಾಕ್ಟರು ಇನ್ನೂ ನೋಡುತ್ತಿದ್ದರು.

"ಹರೀತಾ ಉಂಟಾ ಡಾಕ್ಟ್ರೇ?" ಅತ್ತೆ ಕೇಳಿದರು.

"ಉಂಟು, ಸರಿಯಾಗಿ ಉಂಟು. ಮುಂದಿನ ಬುಧವಾರ ಬನ್ನಿ."

ಅತ್ತೆ ಕೈಮುಗಿದರು. ನನಗೆ ಸಮಾಧಾನವಾಗಬೇಕಿತ್ತು, ಮೈಯೆಲ್ಲ ಉರಿಯಿತು. ಆ ಬುಧವಾರವೂ ಇಲ್ಲಿಗೆ ಬಂದು ಇಷ್ಟೇ ಕೇಳಬೇಕಿತ್ತು.